ಸಿಡುಬು ಬರದಿದ್ದರೆ ಪೋಲೆಂಡ್ ಉಳಿಯುತ್ತಿತ್ತೆ?

(ಪೋಲೆಂಡಿನ 1791ರ ಸಂವಿಧಾನ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಧಾರವಾಡದ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ: ಜರ್ಮನ್ ಸಂಸ್ಥಾನ ಸ್ಯಾಕ್ಸನಿಯ ಎಲೆಕ್ಟರ್ (ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ದೊರೆ) ಫ್ರೆಡ್ರಿಕ್ ಕ್ರಿಶ್ಚಿಯನ್ 1763ರಲ್ಲಿ ಪಟ್ಟಕ್ಕೆ ಬಂದ 74 ದಿನಕ್ಕೇ ಸಿಡುಬು ತಗುಲಿ ಸತ್ತ. ಅವನು ಬದುಕಿದ್ದರೆ ಪೋಲೆಂಡಿನ ಸಿಂಹಾಸನ ಜರ್ಮನಿಯ ವೆಟ್ಟಿನ್ ಮನೆತನದಲ್ಲೇ ಉಳಿಯುತ್ತಿತ್ತು, ಎರಡು ರಾಜ್ಯಗಳೂ ಸೇರಿ ನೆರೆಯ ಜರ್ಮನ್ ರಾಜ್ಯ ಪ್ರಷ್ಯವನ್ನು ಕಟ್ಟಿಹಾಕುತ್ತಿದ್ದವು, ಪೋಲೆಂಡ್ ರಷ್ಯ, ಪ್ರಷ್ಯ, ಆಸ್ಟ್ರಿಯಗಳ ನಡುವೆ ಹರಿದು ಹಂಚಿಹೋಗುತ್ತಿರಲಿಲ್ಲ, ಕೊನೆಗೆ ಹಿಟ್ಲರನೂ ಬರುತ್ತಿರಲಿಲ್ಲ. "ಅತ್ತೆಗೆ ಮೀಸೆ ಬಂದರೆ ಮಾವ ಎಂದು ಸಂಪಾದಕರು ನಗಬಹುದು" ಎಂದೂ ಸೇರಿಸಿದ್ದಾರೆ.)

ಮಾನ್ಯರೆ,

ನಗಲಿಲ್ಲ. ಪತ್ರವನ್ನು ಎರಡು ಸಲ ಓದಿದೆ, ಜೊತೆಗಿಟ್ಟ ವಂಶವೃಕ್ಷವನ್ನೂ ನೋಡಿದೆ. ಹಿಟ್ಲರನನ್ನು ಮಾತ್ರ ಸದ್ಯಕ್ಕೆ ಬಿಟ್ಟುಬಿಡೋಣ. ಹದಿನೆಂಟನೇ ಶತಮಾನದ ಒಂದು ಸಿಡುಬಿನ ಗುಳ್ಳೆಯಿಂದ ಇಪ್ಪತ್ತನೇ ಶತಮಾನದವರೆಗೆ ದಾರ ಎಳೆದರೆ ನಡುವೆ ಎಲ್ಲೋ ಹರಿಯದೆ ಇರದು.

ನಿಮ್ಮ ಊಹೆಯಲ್ಲಿ ನನಗೆ ಹಿಡಿಸಿದ್ದು ಅದರ ಸಣ್ಣತನ. ಒಂದು ಕಾಯಿಲೆ ಬರಲಿಲ್ಲ ಎಂದಷ್ಟೇ ಕೇಳುತ್ತೀರಿ. ಫ್ರೆಡ್ರಿಕ್ ಕ್ರಿಶ್ಚಿಯನ್ ಸಾಮಾನ್ಯದವನೂ ಅಲ್ಲ. ಹುಟ್ಟಿನಿಂದಲೇ ಕಾಲಿನಲ್ಲಿ ಬಲವಿರಲಿಲ್ಲ, ನಡೆದಾಡಲು ಇನ್ನೊಬ್ಬರ ಆಸರೆ ಬೇಕು. ತಲೆ ಮಾತ್ರ ಚುರುಕು. ಅಪ್ಪ, ಅಂದರೆ ಪೋಲೆಂಡಿನ ದೊರೆಯೂ ಆಗಿದ್ದ ಮೂರನೇ ಆಗಸ್ಟಸ್, 1763ರ ಅಕ್ಟೋಬರ್ 5ರಂದು ತೀರಿಕೊಂಡ ಕೂಡಲೇ ಸರ್ವಾಧಿಕಾರಿಯಂತೆ ಮೆರೆದಿದ್ದ ಮಂತ್ರಿ ಬ್ರೂಲ್‌ನನ್ನು ಮನೆಗೆ ಕಳಿಸಿದ, ಅರಮನೆಯ ಖರ್ಚಿಗೆ ಕತ್ತರಿ ಹಾಕಿದ. ಡಿಸೆಂಬರ್ 17ಕ್ಕೆ ಅವನೂ ಇಲ್ಲ. ಮಗ ಫ್ರೆಡ್ರಿಕ್ ಆಗಸ್ಟಸ್‌ಗೆ ಹದಿಮೂರು ತುಂಬಲು ಆಗ ಇನ್ನೂ ಆರು ದಿನ ಬಾಕಿ. ಈ ಹುಡುಗನ ಹೆಸರು ನೆನಪಿಟ್ಟುಕೊಳ್ಳಿ.

ಇಷ್ಟಾದರೂ ನಿಮ್ಮ ತೀರ್ಮಾನಕ್ಕೆ ನಾನು ಒಪ್ಪಲಾರೆ. ಪೋಲೆಂಡಿನಲ್ಲಿ ದೊರೆಯನ್ನು ಶ್ರೀಮಂತರು ಚುನಾಯಿಸುತ್ತಿದ್ದರು ನಿಜ, ಆದರೆ ಸಿಂಹಾಸನಕ್ಕೆ ಯಾರು ಎಂಬುದನ್ನು ಆಗ ತೀರ್ಮಾನಿಸುತ್ತಿದ್ದವಳು ರಷ್ಯದ ರಾಣಿ ಕ್ಯಾಥರೀನ್. ಪೋಲೆಂಡಿಗೆ ಸಾಮಂತವಾಗಿದ್ದ ಕೂರ್‌ಲಂಡ್ ಎಂಬ ಸಂಸ್ಥಾನದ ಡ್ಯೂಕ್ ಆಗಿದ್ದವನು ಇದೇ ಫ್ರೆಡ್ರಿಕ್ ಕ್ರಿಶ್ಚಿಯನ್ನನ ತಮ್ಮ ಕಾರ್ಲ್. ಅವನನ್ನು ಕ್ಯಾಥರೀನ್ 1763ರಲ್ಲೇ ಹೊರಗಟ್ಟಿ ತನ್ನವನನ್ನು ಕೂರಿಸಿದಳು. ಗಮನಿಸಿ, ಪೋಲೆಂಡಿನ ದೊರೆ ಆಗಿನ್ನೂ ಬದುಕಿದ್ದ. ತನ್ನ ಸಾಮಂತ ಸಂಸ್ಥಾನದಲ್ಲಿ ತನ್ನ ಮಗನನ್ನೇ ಉಳಿಸಿಕೊಳ್ಳಲು ಅವನ ಕೈಲಾಗಲಿಲ್ಲ. ಮುಂದೆ 1764ರ ಏಪ್ರಿಲ್‌ನಲ್ಲಿ ಕ್ಯಾಥರೀನ್ ಮತ್ತು ಪ್ರಷ್ಯದ ಎರಡನೇ ಫ್ರೆಡ್ರಿಕ್ ಕೈ ಕುಲುಕಿದರು: ಪೋಲೆಂಡಿನ ಹಳೆಯ ವ್ಯವಸ್ಥೆಯನ್ನು ಬದಲಾಗಲು ಬಿಡಕೂಡದು. ಸೆಪ್ಟೆಂಬರ್‌ನಲ್ಲಿ ಅವಳ ಹಳೆಯ ಪ್ರಿಯಕರ ಪೊನಿಯಾಟೊವ್ಸ್ಕಿ ಆಯ್ಕೆಯಾದ. ಇಂಥವಳ ಎದುರು ವೆಟ್ಟಿನ್ನರು ಗೆಲ್ಲುವುದೇ ಕಷ್ಟ. ಗೆದ್ದಿದ್ದರೂ ಪೊನಿಯಾಟೊವ್ಸ್ಕಿ ಕೂತಂತೆಯೇ ಅವಳ ಹಂಗಿನಲ್ಲಿ ಕೂರಬೇಕಿತ್ತು.

ಇನ್ನು "ಎರಡು ರಾಜ್ಯಗಳೂ ಸೇರಿ" ಎಂಬ ನಿಮ್ಮ ಮಾತು. ಸೇರಿದ್ದವೇ? 1697ರಿಂದ 1763ರವರೆಗೆ, ನಡುವಿನ ಕೆಲವು ವರ್ಷ ಬಿಟ್ಟರೆ, ಇಬ್ಬರು ಆಗಸ್ಟಸ್‌ಗಳು ಸ್ಯಾಕ್ಸನಿ, ಪೋಲೆಂಡ್ ಎರಡನ್ನೂ ಆಳಿದರು. ಆದರೆ ಎರಡಕ್ಕೂ ಒಂದೇ ಖಜಾನೆ ಇರಲಿಲ್ಲ, ಒಂದೇ ಸೈನ್ಯ ಇರಲಿಲ್ಲ. ಪೋಲೆಂಡಿನ ಸಂಸತ್ತಾದ ಸೆಯ್ಮ್‌ನಲ್ಲಿ ಒಬ್ಬನೇ ಒಬ್ಬ ಸದಸ್ಯ ಎದ್ದು "ಒಪ್ಪೆ" ಎಂದರೆ ಇಡೀ ಅಧಿವೇಶನ ಬರಖಾಸ್ತು. ಮೂರನೇ ಆಗಸ್ಟಸ್‌ನ ಮೂವತ್ತು ವರ್ಷಗಳಲ್ಲಿ ಕೆಲಸ ಮುಗಿಸಿ ಎದ್ದ ಸೆಯ್ಮ್ ಒಂದೇ, 1736ರದ್ದು. 1717ರಲ್ಲಿ ಕಾಗದದ ಮೇಲೆ 24,000 ಸೈನಿಕರಿಗೆ ಒಪ್ಪಿಗೆ ಸಿಕ್ಕಿತ್ತು, ನಿಜಕ್ಕೂ ಇದ್ದವರು ಅದರ ಅರ್ಧ. ಪಕ್ಕದ ಪ್ರಷ್ಯದಲ್ಲಿ 1740ರ ಹೊತ್ತಿಗೆ ಸುಮಾರು 80,000.

1756ರಲ್ಲಿ ಪ್ರಷ್ಯದ ಫ್ರೆಡ್ರಿಕ್ ಸ್ಯಾಕ್ಸನಿಗೆ ನುಗ್ಗಿದಾಗ ಏನಾಯಿತು ನೋಡಿ. ದೊರೆ ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡನ್ ಬಿಟ್ಟು ವಾರ್ಸಾಕ್ಕೆ ಹೋಗಿ ಏಳು ವರ್ಷ ಕೂತ. ಅವನದೇ ಪೋಲೆಂಡ್ ಆ ಯುದ್ಧದಲ್ಲಿ ತಟಸ್ಥ! ಅತ್ತ ಲೈಪ್‌ಜಿಗ್‌ನ ಟಂಕಸಾಲೆ ಫ್ರೆಡ್ರಿಕ್‌ನ ವಶವಾಯಿತು, ಪೋಲೆಂಡಿನ ನಾಣ್ಯ ಒತ್ತುವ ಅಚ್ಚುಗಳೂ ಸಿಕ್ಕವು. ಅವನು ಅದನ್ನು ಗುತ್ತಿಗೆಗೆ ಕೊಟ್ಟ. ಹೊರಬಂದ ನಾಣ್ಯದ ಮೇಲೆ ದಪ್ಪ ಕೆನ್ನೆಯ ಆಗಸ್ಟಸ್‌ನ ಮುಖ ಹಾಗೇ ಇದೆ, ಇಸವಿಯೂ ಯುದ್ಧಕ್ಕೆ ಮೊದಲಿನ 1753. ಒಳಗಿನ ಬೆಳ್ಳಿ ಮಾತ್ರ ಕಡಿಮೆ. ಆ ಸವಕಲು ಹಣವನ್ನು ಪೋಲೆಂಡಿನ ಸಂತೆಗಳಿಗೆ ಸುರಿದು ಧಾನ್ಯ, ಕುದುರೆ ಕೊಂಡುಕೊಂಡರು. ಪೋಲೆಂಡಿನ ದೊರೆಯ ಮುಖವೇ ಪೋಲೆಂಡಿನವರ ಜೇಬು ಕತ್ತರಿಸಿತು. ಎರಡು ಕಿರೀಟ ಒಂದೇ ತಲೆಯ ಮೇಲಿದ್ದ ಮಾತ್ರಕ್ಕೆ ಎರಡು ನಾಡು ಒಂದಾಗುವುದಿಲ್ಲ ಎನ್ನಲು ನನಗೆ ಈ ನಾಣ್ಯವೇ ಸಾಕು.

ವೆಟ್ಟಿನ್ನರೇ ಬೇಕೆಂದರೆ ನಿಮ್ಮ ಊಹೆಯನ್ನು 1740ಕ್ಕೆ ಹಿಂದೂಡಿ. ಸ್ಯಾಕ್ಸನಿಗೂ ಪೋಲೆಂಡಿಗೂ ನಡುವೆ ಆಸ್ಟ್ರಿಯದ ಸೈಲೀಶಿಯಾ ಇತ್ತು. ದೊರೆ ತನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಲು ಪರರ ನೆಲ ದಾಟಬೇಕು. ಅವನ ರಾಣಿ ಮಾರಿಯಾ ಯೋಸೆಫಾ ಚಕ್ರವರ್ತಿ ಒಂದನೇ ಯೋಸೆಫ್‌ನ ಹಿರಿಮಗಳು, ಹಾಗಾಗಿ ಆಸ್ಟ್ರಿಯದ ಆಸ್ತಿಯ ಮೇಲೆ ಡ್ರೆಸ್ಡನ್ನಿಗೂ ಕಣ್ಣಿತ್ತು. ಸ್ಯಾಕ್ಸನಿ ಲೆಕ್ಕ ಹಾಕುತ್ತ ಕೂತಿರುವಾಗ ಡಿಸೆಂಬರ್ 16ರಂದು ಪ್ರಷ್ಯದ ಫ್ರೆಡ್ರಿಕ್ ಸೈಲೀಶಿಯಾಕ್ಕೆ ನುಗ್ಗಿಯೇಬಿಟ್ಟ. ಆ ನೆಲ ಸ್ಯಾಕ್ಸನಿಗೆ ದಕ್ಕಿದ್ದರೆ ಪ್ರಷ್ಯ ಎರಡನೇ ದರ್ಜೆಯಲ್ಲೇ ಉಳಿಯುತ್ತಿತ್ತೇನೋ.

ನನ್ನನ್ನೇ ಕೇಳಿದರೆ, ಜರ್ಮನ್-ಪೋಲಿಷ್ ಮನೆತನಗಳ ಕಥೆಯಲ್ಲಿ ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ ತಿರುವು 1421ರದ್ದು. ನಿಮ್ಮ ವಂಶವೃಕ್ಷದಲ್ಲಿ ಅದಿಲ್ಲ. ಪೋಲೆಂಡಿನ ಮುದಿ ದೊರೆ ಯಗಿಯೆಲ್ಲೊ ಆ ಹೊತ್ತಿಗೆ ಮೂವರು ಹೆಂಡಿರನ್ನು ಕಳೆದುಕೊಂಡಿದ್ದ. ಉಳಿದಿದ್ದವಳು ಹದಿಮೂರರ ಮಗಳು ಯಾದ್ವಿಗಾ ಒಬ್ಬಳೇ. ಅವಳೇ ಉತ್ತರಾಧಿಕಾರಿ ಎಂದು ಶ್ರೀಮಂತರು ಒಪ್ಪಿದ್ದರು. ಆ ವರ್ಷ ಅವಳಿಗೆ ನಿಶ್ಚಯವಾದ ವರ ಬರ್ಲಿನ್ ಸುತ್ತಲಿನ ಜರ್ಮನ್ ಸಂಸ್ಥಾನ ಬ್ರಾಂಡೆನ್‌ಬುರ್ಗ್‌ನ ಎಲೆಕ್ಟರನ ಮಗ ಫ್ರೆಡ್ರಿಕ್, ವಯಸ್ಸು ಏಳು. ಮನೆತನ? ಹೊಹೆನ್‌ಝೊಲರ್ನ್! ಮುಂದೆ ಪ್ರಷ್ಯವನ್ನು ಕಟ್ಟಿ, ಪೋಲೆಂಡನ್ನು ಹರಿದು ತಿಂದ ಅದೇ ಮನೆತನ. ಹುಡುಗನನ್ನು ಪೋಲೆಂಡಿಗೆ ಕರೆತಂದು ಅಲ್ಲಿನ ಆಸ್ಥಾನದಲ್ಲೇ ಬೆಳೆಸಿದರು, ಭಾವೀ ದೊರೆಯೆಂದೇ.

ಆದರೆ ಮರುವರ್ಷ ಯಗಿಯೆಲ್ಲೊ ನಾಲ್ಕನೇ ಮದುವೆಯಾದ. 1424ರಲ್ಲಿ ಗಂಡುಮಗು. ಮುದುಕನಿಗೆ ಈಗ ಮಗನೇ ಪಟ್ಟಕ್ಕೆ ಬರಬೇಕೆಂಬ ಆಸೆ, ಶ್ರೀಮಂತರಿಗೆ ಅದಕ್ಕೆ ತಕ್ಕ ಬೆಲೆ ಬೇಕು. ಒಪ್ಪಿಗೆಪತ್ರವನ್ನೇನೋ ಬರೆದರು, ಆದರೆ ಕೇಳಿದ ಸವಲತ್ತು ಸಿಗಲಿಲ್ಲ. 1426ರಲ್ಲಿ ವೆಂಚಿತ್ಸಾದ ಸಭೆಯಲ್ಲಿ ಅದೇ ಪತ್ರವನ್ನು ದೊರೆಯ ಎದುರೇ ಕತ್ತಿಯಿಂದ ಕೊಚ್ಚಿ ಚೂರು ಮಾಡಿದರು. ಕೊನೆಗೆ ದೊರೆ ಮಣಿದ: ವಿಚಾರಣೆಯಿಲ್ಲದೆ ಯಾವ ಶ್ರೀಮಂತನನ್ನೂ ಸೆರೆಹಿಡಿಯುವುದಿಲ್ಲ ಎಂದು ಮಾತು ಕೊಟ್ಟ. ಪೋಲೆಂಡಿನ ದೊರೆಗಳ ಕೈ ಕಟ್ಟುತ್ತ ಬಂದ ಹಗ್ಗದ ಒಂದು ಎಳೆ ಇಲ್ಲೂ ಇದೆ. 1431ರಲ್ಲಿ ಯಾದ್ವಿಗಾ ತೀರಿಕೊಂಡಳು. ಮಲತಾಯಿ ವಿಷವಿಕ್ಕಿದಳೆಂದು ಗುಸುಗುಸು ಎದ್ದಿತು. ಫ್ರೆಡ್ರಿಕ್ ತವರಿಗೆ ಮರಳಿದ, ಎಲೆಕ್ಟರ್ ಆದ, ಬರ್ಲಿನ್ನಿನಲ್ಲಿ ಕೋಟೆ ಕಟ್ಟಿಸಿದ.

ಯಗಿಯೆಲ್ಲೊನ ಮೂವರು ಗಂಡುಮಕ್ಕಳಲ್ಲಿ ಒಬ್ಬ ಕೂಸಾಗಿದ್ದಾಗಲೇ ಹೋದ, ಹಿರಿಯವ 1444ರಲ್ಲಿ ವಾರ್ನಾ ಯುದ್ಧದಲ್ಲಿ ಇಪ್ಪತ್ತರ ಹರೆಯಕ್ಕೇ ಸತ್ತ. ಉಳಿದವನು ಕಾಜಿಮಿರ್ ಒಬ್ಬ. ಅವನು ಕಿರೀಟಕ್ಕೆ ಮೀನಮೇಷ ಎಣಿಸುತ್ತಿದ್ದಾಗ ಫ್ರೆಡ್ರಿಕ್‌ನ ಹೆಸರು ಮತ್ತೆ ತೇಲಿಬಂದಿತ್ತು. ಅಂದರೆ ಇದು ನಾವು ಕೂತಲ್ಲೇ ಹೊಸೆದ ಕನಸಲ್ಲ, ಆ ಕಾಲದವರೇ ಸಹಿ ಹಾಕಿದ್ದ ಯೋಜನೆ. ನಡೆದಿದ್ದರೆ ಬರ್ಲಿನ್, ಕ್ರಾಕೋವ್ ಎರಡಕ್ಕೂ ಒಬ್ಬನೇ ಒಡೆಯ, ನಡುವೆ ಸಿಕ್ಕಿಬೀಳುತ್ತಿದ್ದವರು ಆಗ ಪ್ರಷ್ಯದ ನೆಲವನ್ನು ಆಳುತ್ತಿದ್ದ ಜರ್ಮನ್ ಧರ್ಮಯೋಧರ ಸಂಘ, ಅಂದರೆ ಟ್ಯೂಟಾನಿಕ್ ಯೋಧರು. ಲಿಥುವೇನಿಯದ ಯಗಿಯೆಲ್ಲೊ ಮನೆತನ ಪೋಲಿಷ್ ಆದಂತೆ ಹೊಹೆನ್‌ಝೊಲರ್ನರೂ ಎರಡು ತಲೆಮಾರಿನಲ್ಲಿ ಪೋಲಿಷರೇ ಆಗಿಬಿಡುತ್ತಿದ್ದರೆಂದು ನನ್ನ ಅಂದಾಜು. ಒಂದು ಕೊಕ್ಕೆ ಇದೆ: ಲಿಥುವೇನಿಯ ಯಗಿಯೆಲ್ಲೊನ ಪಿತ್ರಾರ್ಜಿತ. ಅವನ ಮಗಳ ಗಂಡನೆಂಬ ಜರ್ಮನನಿಗೆ ಅಲ್ಲಿಯವರು ತಲೆಬಾಗುತ್ತಿದ್ದರೆಂದು ನನಗನಿಸುವುದಿಲ್ಲ. ಪಶ್ಚಿಮದಲ್ಲಿ ಬ್ರಾಂಡೆನ್‌ಬುರ್ಗ್ ಸಿಕ್ಕಿ, ಪೂರ್ವದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ನಾಡು ಕೈಬಿಡಬಹುದಿತ್ತು.

ಕೊನೆಯದಾಗಿ, ಸಿಡುಬಿಗೆ ಅಪ್ಪನನ್ನು ಕಳೆದುಕೊಂಡ ಆ ಹುಡುಗ, ಫ್ರೆಡ್ರಿಕ್ ಆಗಸ್ಟಸ್. ನಮ್ಮ ಲೇಖನದಲ್ಲಿ ಬರುವ ಎಲೆಕ್ಟರ್ ಅವನೇ. 1791ರ ಮೇ 3ರ ಸಂವಿಧಾನ ಚುನಾವಣೆಯ ಗೊಡವೆಯನ್ನೇ ತೆಗೆದು, ಸಿಂಹಾಸನವನ್ನು ಅವನ ಮನೆತನಕ್ಕೆ ವಂಶಪಾರಂಪರ್ಯವಾಗಿ ಬರೆದುಕೊಟ್ಟಿತು. ಒಬ್ಬಳೇ ಮಗಳು ಮಾರಿಯಾ ಆಗಸ್ಟಾ ಮುಂದಿನ ಹಕ್ಕುದಾರಳು. ಸಿಡುಬು ಕಸಿದದ್ದು 28 ವರ್ಷದ ಮೇಲೆ ತಾನಾಗಿ ಬಾಗಿಲಿಗೆ ಬಂದಿತ್ತು, ಅದೂ ಹೆಚ್ಚು ಗಟ್ಟಿಯಾಗಿ. ಅವನು ರಷ್ಯ, ಪ್ರಷ್ಯ, ಆಸ್ಟ್ರಿಯ ಎಂಬ ನೆರೆಯ ಮೂರು ದೊಡ್ಡ ರಾಜ್ಯಗಳ ಮುಖ ನೋಡುತ್ತ ಹೂಂ ಎನ್ನಲಿಲ್ಲ. ಮರುವರ್ಷ ರಷ್ಯದ ಸೈನ್ಯ ಬಂತು, 1795ಕ್ಕೆ ಪೋಲೆಂಡೇ ಇಲ್ಲ. 1807ರಲ್ಲಿ ನೆಪೋಲಿಯನ್ ಕೊಟ್ಟ ವಾರ್ಸಾ ಡಚಿ ಎಂಬ ಪೋಲಿಷ್ ಸಂಸ್ಥಾನವನ್ನು ಮಾತ್ರ ಅವನು ತೆಗೆದುಕೊಂಡ. 1813ರಲ್ಲಿ ಲೈಪ್‌ಜಿಗ್‌ನಲ್ಲಿ ನೆಪೋಲಿಯನ್ ಸೋತಾಗ ಇವನು ಸೆರೆಯಾದ, ಎರಡು ವರ್ಷದಲ್ಲಿ ಸ್ಯಾಕ್ಸನಿಯ ಅರ್ಧಕ್ಕಿಂತ ಹೆಚ್ಚು ನೆಲ ಪ್ರಷ್ಯದ ಪಾಲಾಯಿತು.

ನಿಮ್ಮ ವಂಶವೃಕ್ಷ ಅಚ್ಚುಕಟ್ಟಾಗಿದೆ, ಅನುಮತಿಯಿದ್ದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಅದಕ್ಕೆ ಮೊದಲು ಯಾದ್ವಿಗಾ ಮತ್ತು ಫ್ರೆಡ್ರಿಕ್‌ನ ನಿಶ್ಚಿತಾರ್ಥವನ್ನು ಚುಕ್ಕೆಗೆರೆಯಲ್ಲಿ ಸೇರಿಸಿ. ಮಾರಿಯಾ ಆಗಸ್ಟಾಳ ಹೆಸರೂ ಬಿಟ್ಟುಹೋಗಿದೆ. ಅವಳು ಮದುವೆಯಾಗದೆಯೇ 1863ರವರೆಗೆ ಬದುಕಿದ್ದಳು.

- ಸಂಪಾದಕ