ಕಾನೂನು ಪ್ರಶ್ನೋತ್ತರ: ಹೊಳೆ ತುಂಬಿದಾಗ ಕೋರ್ಟಿನ ವಾಯಿದೆ

ಪ್ರಶ್ನೆ: ನಮ್ಮದು ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನಡುಗಡ್ಡೆ. ಬಸವಸಾಗರ ಜಲಾಶಯದಿಂದ ನೀರು ಬಿಟ್ಟು ಶೀಲಹಳ್ಳಿ ಸೇತುವೆ ಮುಳುಗಿದ್ದರಿಂದ ವಾಯಿದೆಗೆ ಹೋಗಲಾಗಲಿಲ್ಲ. ವಕೀಲರೂ ಬಂದಿರಲಿಲ್ಲವಂತೆ. ನಾನು ಹೂಡಿದ್ದ ಜಮೀನಿನ ದಾವೆ ವಜಾ ಆಗಿದೆ. ಹೊಸದಾಗಿ ಹಾಕಬೇಕೆ?

ಉತ್ತರ: ಅವಸರಪಡಬೇಡಿ. ಮೊದಲು ಆದೇಶದ ನಕಲು ತೆಗೆಸಿ, ಆ ದಿನ ಎದುರಿನವರು ಹಾಜರಿದ್ದರೇ ನೋಡಿ. ಅವರಿದ್ದು ನೀವಿಲ್ಲದೆ ವಜಾ ಆಗಿದ್ದರೆ, ಅದೇ ಕಾರಣಕ್ಕೆ ಇನ್ನೊಂದು ದಾವೆ ಹಾಕಲು ಬರುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 9ರಡಿ ಹಳೆಯ ದಾವೆಯನ್ನೇ ಮರಳಿ ಕಡತಕ್ಕೆ ತೆಗೆದುಕೊಳ್ಳುವಂತೆ ಅರ್ಜಿ ಕೊಡಬೇಕು. ಇಬ್ಬರೂ ಗೈರಾಗಿದ್ದರೆ ನಿಯಮ 4 ಅನ್ವಯ. ಎರಡಕ್ಕೂ ವಜಾ ಆದ ದಿನದಿಂದ 30 ದಿನ ಗಡುವು. ಅದು ಮೀರಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗಿಡಿ.

ಅರ್ಜಿ ಬಿದ್ದುಹೋಗುವುದು ಸಾಮಾನ್ಯವಾಗಿ ಅದರ ಜೊತೆಗಿಡುವ ಅಫಿಡವಿಟ್‌ನಲ್ಲಿ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ). 'ಹೊಳೆ ಬಂದಿತ್ತು' ಎಂದಷ್ಟೇ ಬರೆದರೆ, 'ಹಿಂದಿನ ದಿನವೇ ದಾಟಬಹುದಿತ್ತಲ್ಲ' ಎಂದು ಎದುರು ವಕೀಲರು ಕೇಳಿಯೇ ಕೇಳುತ್ತಾರೆ. ಸೇತುವೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಮುಳುಗಿತ್ತು ಎಂದು ಪಿಡಿಒ ಅಥವಾ ತಹಶೀಲ್ದಾರ್ ಕಚೇರಿಯಿಂದ ಬರೆಸಿ, ಸಹಿ-ಮೊಹರು ಹಾಕಿಸಿಕೊಳ್ಳಿ. ನೀರು ಬಿಡುವ ಮುನ್ನೆಚ್ಚರಿಕೆ ಪ್ರಕಟಣೆಯ ಪ್ರತಿಯನ್ನೂ ಲಗತ್ತಿಸಿ. ವಾಯಿದೆಗೆಂದು ತುಂಬಿದ ಹೊಳೆಯಲ್ಲಿ ತೆಪ್ಪ ಹತ್ತಬೇಡಿ, ಯಾವ ಕೋರ್ಟೂ ಅದನ್ನು ನಿರೀಕ್ಷಿಸುವುದಿಲ್ಲ.

ವಿಳಂಬ ಮನ್ನಾ ಹೊಸ ದಾವೆಗೂ ಸಿಗುತ್ತದೆ ಎಂಬ ತಪ್ಪು ತಿಳಿವಳಿಕೆ ಇದೆ. 5ನೇ ಕಲಮು ಅರ್ಜಿ, ಮೇಲ್ಮನವಿಗಳಿಗೆ ಮಾತ್ರ. ಹೊಸ ದಾವೆಗೆ ಅದು ಇಲ್ಲ. ದಾವೆ ಹೂಡುವ ಗಡುವು ಮಳೆಗಾಲದಲ್ಲಿ ಮುಗಿಯುವಂತಿದ್ದರೆ ಮೇ ತಿಂಗಳಲ್ಲೇ ಸಲ್ಲಿಸಿಬಿಡಿ. ವಕಾಲತ್ತಿಗೂ ಆಗಲೇ ಸಹಿ ಮಾಡಿ. ಸಿವಿಲ್ ದಾವೆಯ ಮಾಮೂಲಿ ವಾಯಿದೆಗೆ ವಕೀಲರು ನಿಂತರೆ ಸಾಕು, ನೀವು ಬರಲೇಬೇಕೆಂದಿಲ್ಲ. ಪಾಟಿ ಸವಾಲು ಮಳೆಗಾಲಕ್ಕೆ ಬಿದ್ದರೆ ವಿಡಿಯೊ ಕಾನ್ಫರೆನ್ಸ್ ಕೋರಿ ಮೊದಲೇ ಅರ್ಜಿ ಹಾಕಿಸಿ.

ಪ್ರಶ್ನೆ: ಉಚಿತ ವಕೀಲರು ಸಿಗುತ್ತಾರೆಯೇ? ಆದಾಯ ಪ್ರಮಾಣಪತ್ರಕ್ಕೆ ಅಲೆಯುವುದೇ ದೊಡ್ಡ ಕೆಲಸವಾಗಿದೆ.

ಉತ್ತರ: ಎಲ್ಲರಿಗೂ ಅದು ಬೇಕಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯ ನೋಡದೆಯೇ ಅರ್ಹರು. ಪ್ರವಾಹ ಸಂತ್ರಸ್ತರೂ ಅದೇ ಪಟ್ಟಿಯಲ್ಲಿದ್ದಾರೆ. ನಡುಗಡ್ಡೆಯವರು ಬಹುತೇಕ ಈ ಕೊನೆಯದನ್ನು ಕೇಳುವುದೇ ಇಲ್ಲ, ಕಚೇರಿಯವರೂ ತಾವಾಗಿ ಹೇಳುವುದು ಕಡಿಮೆ. ಆದಾಯದ ಆಧಾರದಲ್ಲೇ ಕೇಳುವವರಿಗೂ 13ನೇ ಕಲಮಿನಡಿ ಅಫಿಡವಿಟ್ಟನ್ನೇ ಪುರಾವೆಯೆಂದು ಒಪ್ಪಬಹುದು.

ಅರ್ಜಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ಅದು ಲಿಂಗಸುಗೂರು ಕೋರ್ಟ್ ಆವರಣದಲ್ಲೇ ಸಿಗುತ್ತದೆ. ಸರ್ವೆ ನಂಬರ್, ಕೇಸ್ ನಂಬರ್, ಮುಂದಿನ ವಾಯಿದೆ ಈ ಮೂರನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನಿಮ್ಮಲ್ಲಿ ಸಿಗ್ನಲ್ ಸಿಗದಿದ್ದರೆ ದಡದಲ್ಲಿರುವ ನೆಂಟರ ಮೊಬೈಲ್ ನಂಬರನ್ನೂ ಕೊಡಿ. ನೇಮಕವಾದ ವಕೀಲರಿಗೆ ಕಕ್ಷಿದಾರರೇ ಸಿಗದೆ ಕೇಸು ಹಾಳಾಗುವುದುಂಟು. ಬರೆಯಲು ಬಾರದವರ ಅರ್ಜಿಯನ್ನು ಪ್ಯಾರಾ ಲೀಗಲ್ ಸ್ವಯಂಸೇವಕರು ಬರೆದುಕೊಡುತ್ತಾರೆ. ಸಹಾಯವಾಣಿ 15100. ಟೆಲಿ-ಲಾ (ಫೋನ್, ವಿಡಿಯೊ ಮೂಲಕದ ಸರ್ಕಾರಿ ಕಾನೂನು ಸಲಹಾ ಸೇವೆ) ಕೊಡುವುದು ಸಲಹೆ ಮಾತ್ರ, ಅವರು ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆ: ನೀರಿನ ನಡುವೆ ಸಿಕ್ಕಿಕೊಂಡಿರುವಾಗ ಹೊಡೆದಾಟವಾದರೆ ಪೊಲೀಸ್ ದೂರು ಹೇಗೆ?

ಉತ್ತರ: ತುರ್ತಿಗೆ 112. ದೂರನ್ನು ಮೊಬೈಲಿನಿಂದಲೇ ಕಳಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಅವಕಾಶವಿದೆ. ತೊಡಕಿರುವುದು ಸಹಿಯಲ್ಲಿ: 3 ದಿನದೊಳಗೆ ಸಹಿ ಹಾಕಿದರೆ ಮಾತ್ರ ಅದು ದಾಖಲಾಗುತ್ತದೆ. ಸೇತುವೆ ಅಷ್ಟರೊಳಗೆ ತೆರೆಯದಿದ್ದರೆ, ಬರಲಾಗದ ಕಾರಣವನ್ನು ದೂರು ಕಳಿಸಿದ ನಂಬರಿಗೇ ಮತ್ತೆ ಬರೆದು ಕಳಿಸಿ, ಎರಡೂ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ನೀರಿಳಿದ ದಿನವೇ ಹೋಗಿ ಲಿಖಿತ ದೂರು ಕೊಡಿ, ತಡವಾದ ಕಾರಣ ಆ ದೂರಿನಲ್ಲೇ ಇರಲಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದರ ಸಾರಾಂಶವನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು.