ಕರೆಯದಿದ್ದರೂ ಹೋಗಬಹುದೇ?

ಪ್ರಶ್ನೆ: ನನ್ನ ಆಪ್ತ ಗೆಳೆಯನ ವ್ಯಾಪಾರ ಮುಳುಗಿತು. ಮೈತುಂಬ ಸಾಲ, ಕೋರ್ಟಿನಲ್ಲಿ ಕೇಸು. ಈಗ ಯಾರ ಫೋನೂ ತೆಗೆಯುತ್ತಿಲ್ಲ. ಕೊಡಲು ನನ್ನ ಹತ್ತಿರ ದುಡ್ಡಿಲ್ಲ, ಹೇಳಲು ಮಾತೂ ತೋಚುತ್ತಿಲ್ಲ. ಅವನಾಗಿ ಕರೆಯುವವರೆಗೆ ಸುಮ್ನೆ ಇರಲೇ? ಬೈಬಲ್ ಏನು ಹೇಳುತ್ತದೆ?

ಉತ್ತರ: ಕಾಯಬೇಡಿ, ಹೋಗಿ. ಅವನಿಗೆ ಈಗ ಸಾಲಕ್ಕಿಂತ ನಾಚಿಕೆಯೇ ಜಾಸ್ತಿ ಇರಬಹುದು. ಅಂಥವನು ತಾನಾಗಿ ಕರೆಯುವುದು ಕಷ್ಟ.

ಯೇಸುವಿನ ಸಂದೇಶ ಸಾರುತ್ತಿದ್ದ ಪೌಲನು ರೋಮಿನಲ್ಲಿ ಸೆರೆಯಲ್ಲಿದ್ದಾಗ ಹತ್ತಿರದವರೇ ದೂರವಾದರು. ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಆ ನೋವಿದೆ. ಅಲ್ಲೇ ಒನೇಸಿಫೊರನೆಂಬ ಒಬ್ಬನ ಹೆಸರೂ ಇದೆ. ಪೌಲನ ಬೇಡಿ ಕಂಡು ಅವನು ನಾಚಲಿಲ್ಲ. ರೋಮಿಗೆ ಬಂದು, ಬಿಡದೆ ಹುಡುಕಿ ಅವನನ್ನು ಕಂಡ. ಅಷ್ಟು ದೊಡ್ಡ ಪಟ್ಟಣದಲ್ಲಿ ಕೈದಿಯೊಬ್ಬನನ್ನು ವಿಚಾರಿಸುತ್ತಾ ತಿರುಗುವುದೆಂದರೆ, ತಾನು ಅವನ ಕಡೆಯವನೆಂದು ಸಿಕ್ಕವರಿಗೆಲ್ಲ ಹೇಳಿದ ಹಾಗೆ ಅಲ್ವಾ? ಬೈಬಲಿನಲ್ಲಿ ನನಗೆ ಬಹಳ ಇಷ್ಟವಾದ ಗೆಳೆಯ ಇವನೇ. ದಾವೀದನ ಪ್ರಾಣಸ್ನೇಹಿತ ಯೋನಾತಾನನಿಗಿಂತಲೂ ಇಷ್ಟ.

ಮಾತು ತೋಚುತ್ತಿಲ್ಲ ಎಂದಿರಿ. ಅದು ಕೊರತೆಯಲ್ಲ. ಬೈಬಲಿನಲ್ಲಿ ಬರುವ ನೀತಿವಂತ ಯೋಬನು ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡಾಗ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದರು. 7 ದಿನ, 7 ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ! ಆಮೇಲೆ ಬಾಯಿ ತೆರೆದರು. ತಪ್ಪಿಲ್ಲದೆ ಯಾರಿಗಾದರೂ ಹೀಗಾಗುತ್ತದೆಯೇ ಎಂದ ಎಲೀಫಜ. ಬಿಲ್ದದನಂತೂ ಸತ್ತ ಮಕ್ಕಳ ಮೇಲೇ ಪಾಪ ಹೊರಿಸಿದ. ಇದನ್ನು ಓದುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ದೇವರಿಗೂ ಬಂತು, ಯೋಬನ ಪುಸ್ತಕದ 42ನೆಯ ಅಧ್ಯಾಯ ನೋಡಿ.

ಹಾಗಾಗಿ ವ್ಯಾಪಾರದಲ್ಲಿ ಎಲ್ಲಿ ಎಡವಿದೆ ಎಂದು ಕೇಳಬೇಡಿ. ಎಲ್ಲಾ ಒಳ್ಳೆಯದಕ್ಕೇ ಎಂದೂ ಹೇಳಬೇಡಿ. ಮನಸ್ಸು ನೊಂದವನ ಮುಂದೆ ಹಾಡು ಹೇಳುವುದು ಚಳಿಯಲ್ಲಿ ಬಟ್ಟೆ ಕಿತ್ತುಕೊಂಡಂತೆ ಎನ್ನುತ್ತದೆ ಬೈಬಲಿನ ಜ್ಞಾನೋಕ್ತಿ ಪುಸ್ತಕ. ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಬಾಗಿಲು ತೆಗೆಯದಿದ್ದರೆ ಬಂದಿದ್ದೆನೆಂದು ಮನೆಯವರಿಗೆ ತಿಳಿಸಿ, ಕೆಲವು ದಿನ ಬಿಟ್ಟು ಮತ್ತೆ ಹೋಗಿ.

ದುಡ್ಡಿಲ್ಲದೆಯೂ ಮಾಡಬಹುದಾದ್ದು ಒಂದಿದೆ. ಮೊದಲ ವಿಚಾರಣೆಗೆ ನಿಂತಾಗ ತನ್ನ ಪರವಾಗಿ ಯಾರೂ ಬರಲಿಲ್ಲ ಎಂದು ಪೌಲ ಅದೇ ಪತ್ರದಲ್ಲಿ ಬರೆದಿದ್ದಾನೆ. ನಿಮ್ಮ ಗೆಳೆಯನ ಕೇಸು ಮತ್ತೆ ಯಾವತ್ತು ಬರುತ್ತದೆ ಎಂದು ಕೇಳಿ. ಆ ದಿನ ರಜೆ ಹಾಕಿ ಅವನ ಜೊತೆ ಕೋರ್ಟಿಗೆ ಹೋಗಿ.