ನ್ಯೂಪೋರ್ಟ್‌ನ ಚಪ್ಪಾಳೆ ಅಸಲಿಯೇ?

ಪ್ರಶ್ನೆ: ಯಕ್ಷಗಾನದ ಹುಚ್ಚಿನ ಜೊತೆಗೆ ಈಚೆಗೆ ಜಾಜ್ ಕೂಡ ಅಂಟಿಕೊಂಡಿದೆ. ಅಮೆರಿಕದ ಜಾಜ್ ತಂಡನಾಯಕ ಡ್ಯೂಕ್ ಎಲಿಂಗ್ಟನ್ನರ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ರೆಕಾರ್ಡು ನ್ಯೂಪೋರ್ಟ್ ಊರಿನ 1956ರ ಜಾಜ್ ಉತ್ಸವದ ನೇರ ಧ್ವನಿಮುದ್ರಣ ಎಂದು ನಂಬಿದ್ದೆ. ಸ್ಟುಡಿಯೋದಲ್ಲಿ ನುಡಿಸಿ ಚಪ್ಪಾಳೆ ಸೇರಿಸಿದ್ದು ಎನ್ನುತ್ತಾನೆ ಗೆಳೆಯ. ಹಾಗಾದರೆ ಆ ಹೆಸರಾಂತ ಸ್ಯಾಕ್ಸೋಫೋನ್ ವಾದನವೂ ಸುಳ್ಳೇ?
– ಓದುಗ, ಬದಿಯಡ್ಕ

ಉತ್ತರ: ಸುಳ್ಳಲ್ಲ ಮಾರಾಯರೇ. ಆದರೆ ನಿಮ್ಮ ಗೆಳೆಯರ ಮಾತಿನಲ್ಲೂ ಹುರುಳಿದೆ.

ಜುಲೈ 7ರ ರಾತ್ರಿ, ಹೊತ್ತು ಮೀರಿ, ಜನ ಎದ್ದು ಹೊರಡತೊಡಗಿದ್ದರು. ಆಗ ಎಲಿಂಗ್ಟನ್ನರ ತಂಡದ ಪಾಲ್ ಗೊನ್ಸಾಲ್ವಿಸ್ ಟೆನರ್ ಸ್ಯಾಕ್ಸೋಫೋನ್ ಹಿಡಿದು ಎದ್ದು ನಿಂತರು. ಹನ್ನೆರಡು ಬಾರ್‌ಗಳ (ತಾಳದ ಅಳತೆಗಳ) ಬ್ಲೂಸ್ ಆವರ್ತವನ್ನು ಒಂದೇ ಸಮನೆ 27 ಸಲ ನುಡಿಸಿದರು! ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಕುಣಿದಳು. ವೇದಿಕೆಯ ಅಂಚಿನಲ್ಲಿ ಡ್ರಮ್ಮರ್ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ತಾಳ ಬಡಿಯುತ್ತ ಹುರಿದುಂಬಿಸುತ್ತಿದ್ದರು. ಹೊರಟ ಜನ ತಿರುಗಿ ಬಂದರು.

ಎಡವಟ್ಟಾದದ್ದು ಮೈಕಿನಲ್ಲಿ. ಗೊನ್ಸಾಲ್ವಿಸ್ ನುಡಿಸಿದ್ದು ರೆಕಾರ್ಡು ತರುತ್ತಿದ್ದ ಕೊಲಂಬಿಯಾ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ ‘ವಾಯ್ಸ್ ಆಫ್ ಅಮೆರಿಕಾ’ ರೇಡಿಯೋದ ಮೈಕಿಗೆ. ಹಾಗಾಗಿ ಕಂಪನಿಯ ಟೇಪಿನಲ್ಲಿ ಅವರ ವಾದನ ದೂರದಲ್ಲೆಲ್ಲೋ ಕೇಳಿಸುತ್ತದೆ. ಕುಂಬಳೆ ಸೀಮೆಯ ಬಯಲಾಟಗಳಲ್ಲಿ ಟೇಪ್ ರೆಕಾರ್ಡರ್ ಹಿಡಿದು ರಂಗಸ್ಥಳದ ಬದಿಯಲ್ಲಿ ಕೂತವನು ನಾನು; ಮೈಕ್ ಚೆಂಡೆಯ ಕಡೆಗೆ ಒಂದು ಮೊಳ ಸರಿದರೂ ಭಾಗವತರ ಪದ ಮುಳುಗುವ ಸಂಕಟ ಬಲ್ಲೆ.

ರೆಕಾರ್ಡಿನ ನಿರ್ಮಾಪಕ ಜಾರ್ಜ್ ಅವಾಕಿಯನ್ ಜುಲೈ 9ರಂದು ತಂಡವನ್ನು ಸ್ಟುಡಿಯೋಗೆ ಕರೆಸಿ, ಉತ್ಸವಕ್ಕೆಂದೇ ರಚಿಸಿದ್ದ ಸೂಟ್‌ನ (ಹಲವು ಭಾಗಗಳ ಕೃತಿಯ) ಹೆಚ್ಚಿನ ಪಾಲನ್ನು ಮತ್ತೆ ನುಡಿಸಲು ಹೇಳಿ, ಜನರ ಸದ್ದು ಬೆರೆಸಿದರು. ಗೊನ್ಸಾಲ್ವಿಸ್ ವಾದನವನ್ನು ಮಾತ್ರ ಆ ರಾತ್ರಿಯದ್ದೇ ಉಳಿಸಿಕೊಂಡರು. ಪುಣ್ಯಕ್ಕೆ! ಅಂಥದ್ದನ್ನು ಎರಡನೆಯ ಸಲ ಯಾರು ನುಡಿಸಿಯಾರು? ಮತ್ತೆ ನುಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಅದನ್ನೂ ಕೇಳುಗರಿಗೆ ಉತ್ಸವದ್ದೆಂದೇ ದಾಟಿಸಿದ್ದು ಮಾತ್ರ ಸರಿಯಲ್ಲ.

ಮುಂದೆ ರೇಡಿಯೋದ ಟೇಪು ಸಿಕ್ಕಿತು. ಜಾಜ್ ಇತಿಹಾಸಕಾರ ಫಿಲ್ ಶಾಪ್ ಎರಡೂ ಟೇಪುಗಳನ್ನು ಕ್ಷಣಕ್ಕೆ ಕ್ಷಣ ಹೊಂದಿಸಿ, ಒಂದೊಂದು ಕಿವಿಗೆ ಒಂದೊಂದರಂತೆ ಸ್ಟೀರಿಯೋ ಮಾಡಿದರು. 1999ರಲ್ಲಿ ಎರಡು ಸೀಡಿಗಳಲ್ಲಿ ಬಂತು. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಗೊನ್ಸಾಲ್ವಿಸ್ ಅವರ ಆ ವಾದನವಿರುವ ‘ಡಿಮಿನುಯೆಂಡೋ ಅಂಡ್ ಕ್ರೆಸೆಂಡೋ ಇನ್ ಬ್ಲೂ’ವನ್ನು ಹೆಡ್‌ಫೋನ್ ಹಾಕಿ ಕೇಳಿ, ಹಳೆಯ ರೆಕಾರ್ಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಗೆಳೆಯರನ್ನೂ ಕೂರಿಸಿಕೊಳ್ಳಿ, ಜಗಳ ಅಲ್ಲೇ ಇತ್ಯರ್ಥವಾಗಲಿ.